ಐದು ಗಂಟೆಯ ಒಲೆ, ಏಳು ಸೀಟಿನ ಸಭೆ

ಕಳೆದ ತಿಂಗಳು ರಜೆ ಮುಗಿಸಿ ಊರಿಂದ ಗಲ್ಫಿಗೆ ಬಂದು ನೋಡಿದರೆ ನಮ್ಮ ಅಡುಗೆಮನೆ ಕೈ ಬದಲಾಗಿತ್ತು.

ಸತ್ವಾದ ಹಳೇ ವಿಲ್ಲಾ. ಕೆಳಗೆ ನಾನು ಮತ್ತು ಹಮೀದ್ ಬ್ಯಾರಿ. ಮೇಲೆ ನಾಲ್ವರಿದ್ದರು, ಐದನೆಯವನಿಗೆ ತಮ್ಮ ಅಡುಗೆಮನೆಯಲ್ಲೇ ಮಂಚ ಹಾಕಿ ಬೆಡ್‌ಸ್ಪೇಸ್ ಬಾಡಿಗೆಗೆ ಕೊಟ್ಟರು. ಆಮೇಲೆ ಅಡುಗೆ ಎಲ್ಲಿ ಮಾಡುವುದು? ನಾವಿಬ್ಬರೂ ಇಲ್ಲದ ಹೊತ್ತು ನೋಡಿ ಫ್ರಿಜ್ ಸಮೇತ ಕೆಳಗಿಳಿದಿದ್ದರು. ಗೋಡೆಯ ಮೇಲೊಂದು ನೋಟಿಸ್: 'ಕಿಚನ್ ಕೌನ್ಸಿಲ್. ಒಟ್ಟು ಸೀಟು ಏಳು, ಕೆಳಮನೆಗೆ ಎರಡು. ಒಲೆಯ ಟೈಮಿಂಗ್ ಶುಕ್ರವಾರದ ಸಭೆಯಲ್ಲಿ ನಿಗದಿ.'

(ಇಷ್ಟು ಸಭ್ಯವಾಗಿ ಒಲೆ ಕಸಿದುಕೊಂಡವರನ್ನು ನಾನು ನೋಡಿಲ್ಲ.)

ಬ್ಯಾರಿಗೆ ಇದು ತಮಾಷೆಯಲ್ಲ. ಬೆಳಿಗ್ಗೆ ಆರಕ್ಕೆ ರಾಸ್ ಅಲ್ ಖೋರ್‌ನ ಗ್ಯಾರೇಜಿಗೆ ಬಸ್ಸು. ಹೊಟ್ಟೆಯಲ್ಲಿ ಹುಣ್ಣು, ಹೋಟೆಲ್ ಊಟ ಬಂದ್. ಐದಕ್ಕೆ ಒಲೆ ಸಿಗದಿದ್ದರೆ ದಿನವಿಡೀ ಗಂಜಿಯಿಲ್ಲ.

"ಸಭೆಗೆ ಹೋಗುವುದಾ ಮಾರಾಯ್ರೆ?"

ನನ್ನೊಳಗಿನ ರಾಜ್ಯಶಾಸ್ತ್ರದ ಎಂ.ಎ. ಎಚ್ಚರಗೊಂಡಿತು. ಹೋದರೆ ಆಕ್ರಮಣವನ್ನು ಒಪ್ಪಿದ ಹಾಗೆ, ಬಾಯ್ಕಾಟ್ ಮಾಡಬೇಕು ಎಂದೆ. ಕ್ರಿಮಿಯಾದ ಉದಾಹರಣೆಯನ್ನೂ ಕೊಟ್ಟೆ. ರಷ್ಯಾ ಅದನ್ನು ನೆರೆದೇಶದಿಂದ ಕಿತ್ತು ಸೇರಿಸಿಕೊಂಡ ಮೇಲೆ ಅಲ್ಲೊಂದು ಹೊಸ ಶಾಸನಸಭೆ ಕೂತಿತು. ಹೆಚ್ಚಿನ ದೇಶಗಳು ಅದನ್ನು ಇವತ್ತಿಗೂ ಒಪ್ಪಿಲ್ಲ.

"ಒಪ್ಪದಿದ್ದದ್ದಕ್ಕೆ ಸಭೆ ನಿಂತಿತಾ?"

"ಇಲ್ಲ, ನಡೀತಾ ಇದೆ."

"ಮತ್ತೆ?"

ನಾನು ಇತಿಹಾಸಕ್ಕೆ ಕೈಹಾಕಿದೆ. ಅಡುಗೆಮನೆ ಮೊದಲಿನಿಂದಲೂ ನಮ್ಮದೇ ಅಲ್ಲವೇ?

ಬ್ಯಾರಿ ನಕ್ಕರು. "ನೆನಪಿಲ್ವಾ? ಅದು ಮೊದಲು ಹಿಂಬದಿ ರೂಮಿನಲ್ಲಿದ್ದ ಮಲಯಾಳಿಗಳದ್ದು. ಅವರು ಓಣಂಗೆ ಊರಿಗೆ ಹೋಗಿದ್ದಾಗ ಬೀಗ ಬದಲಾಯಿಸಿದ್ದು ನೀವೇ. ಕಮಿಟಿ ಬೇರೆ ಮಾಡಿದ್ರಿ. ನೀವೇ ಸೆಕ್ರೆಟರಿ."

ನಾನಾ? ನನ್ನ ನೆನಪಿನಲ್ಲಿ ಅವರಾಗಿಯೇ ಬೀಗದ ಕೈ ಕೊಟ್ಟು ಹೋಗಿದ್ದರು. ನಗುನಗುತ್ತಲೇ ಕೊಟ್ಟಿದ್ದರು. (ಆ ನಗುವನ್ನು ನಾನು ಆಮೇಲೆ ಸೇರಿಸಿಕೊಂಡೆನೇ? ಆಣೆ ಮಾಡಿ ಹೇಳಲಾರೆ.) ಗೆದ್ದವರ ನೆನಪಿನಲ್ಲಿ ಸೋತವರು ಯಾಕೆ ಯಾವಾಗಲೂ ನಗುತ್ತಿರುತ್ತಾರೆ?

ಶುಕ್ರವಾರ ನಾನು ತತ್ವಕ್ಕಾಗಿ ರೂಮಿನಲ್ಲೇ ಕೂತೆ. ಕೇಳಿಸಲಿ ಎಂದು ಬಾಗಿಲು ಮಾತ್ರ ಓರೆ ಮಾಡಿದ್ದೆ. ಬ್ಯಾರಿ ಹೋದರು. ಮೊದಲ ಠರಾವು: ಈ ಅಡುಗೆಮನೆ ಎಂದೆಂದಿಗೂ ಎಲ್ಲರದ್ದೂ ಆಗಿತ್ತು. ಸರ್ವಾನುಮತ.

"ಹಮೀದಾಕ, ನಿಮ್ಮ ಎಂ.ಎ. ಎಲ್ಲಿ?" ಮೇಲಿನ ಮನೆಯ ಪ್ರಕಾಶ ಶೆಟ್ಟಿಯ ದನಿ. ಅವನೇ ಅಧ್ಯಕ್ಷ.

"ಅವರದ್ದು ಬಾಯ್ಕಾಟ್."

"ಹಾಗಾದ್ರೆ ಅವರ ಟೈಮ್ ಖಲಾಸ್. ನಿಮಗೆ ಎಷ್ಟು ಗಂಟೆಗೆ ಬೇಕು?"

"ಐದು."

"ಐದಕ್ಕೆ ನಮ್ಮಲ್ಲಿ ಏಳುವವರು ಯಾರುಂಟು? ತಗೊಳ್ಳಿ."

ಅಷ್ಟೇ. ನಾನು ಸಿದ್ಧಪಡಿಸಿದ್ದ ಮೂರು ಪುಟದ ಪ್ರತಿಭಟನೆ ದಿಂಬಿನಡಿಯಲ್ಲೇ ಉಳಿಯಿತು.

ಈಗ ದಿನವೂ ಐದಕ್ಕೆ ಒಲೆ ಉರಿಯುತ್ತದೆ. ಕೆಲಸಕ್ಕೆ ಹೊರಡುವ ಮುನ್ನ ಬ್ಯಾರಿ ನನ್ನ ಬಾಗಿಲ ಬಳಿ ಒಂದು ಬಟ್ಟಲು ಗಂಜಿ ಇಟ್ಟು ಹೋಗುತ್ತಾರೆ. ಹುಣ್ಣಿಲ್ಲದವನೆಂದು ನನ್ನದಕ್ಕೆ ಮಾತ್ರ ಉಪ್ಪಿನಕಾಯಿ.

ನಾನು ಒಪ್ಪದ ಸಭೆ ಕೊಟ್ಟ ಒಲೆಯಲ್ಲಿ ಬೆಂದ ಗಂಜಿಯನ್ನು ಯಾವ ತತ್ವದ ಮೇಲೆ ಉಣ್ಣುವುದೆಂದು, ಆರುವ ಮೊದಲು, ಯಾರಾದರೂ ಹೇಳುತ್ತೀರಾ?