ಅಟ್ಟದ ಕಾಯಿ

ನಮ್ಮ ತಿಪಟೂರು ಸೀಮೆಯವರ ಕೈಗೆ ತೆಂಗಿನಕಾಯಿ ಬಂದರೆ ಸಾಕು, ಅದು ತಾನಾಗಿ ಕಿವಿಯ ಹತ್ತಿರ ಹೋಗುತ್ತದೆ. ಒಮ್ಮೆ ಅಲ್ಲಾಡಿಸದೆ ಕೆಳಗಿಡುವುದು ನಮ್ಮಿಂದಾಗದ ಕೆಲಸ. ನೀರು ಕುಲುಕಿದರೆ ಅದು ಅಡುಗೆಗೆ, ದೇವರಿಗೆ. ಅಟ್ಟದ ಮೇಲೆ ವರ್ಷದ ಹತ್ತಿರ ಕೂತು, ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಲೊಡಲೊಡ ಎಂದರೆ ಅದು ಕೊಬ್ಬರಿ, ಮಾರಾಟಕ್ಕೆ. ಈ ಎರಡು ಸದ್ದುಗಳ ನಡುವೆಯೇ ಬೆಳೆದು ಐವತ್ತೆಂಟು ದಾಟಿದ ನಾನು, ಅಲ್ಲಾಡಿಸಿ ನೋಡಲೇಬೇಕಾಗಿದ್ದ ಒಂದೇ ಒಂದು ಕಾಯಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡೆನೆಂದರೆ ನೀವು ನಂಬಬೇಕು.

ಅದು ನನ್ನ ಅಕ್ಕನ ಹರಕೆಯ ಕಾಯಿ. ಕಳೆದ ವರ್ಷ ಅವಳ ಎದೆಯಲ್ಲಿದ್ದ ಗಂಟನ್ನು ತೆಗೆದರು. ಆಮೇಲೆ ಔಷಧಿ, ಉದುರಿದ ಕೂದಲು, ಹನ್ನೊಂದು ತಿಂಗಳ ಮನೆವಾಸ. ಎದ್ದು ಓಡಾಡುವಂತಾದರೆ ಬೆಟ್ಟವನ್ನು ನಡೆದೇ ಹತ್ತಿ ಈಶ್ವರನಿಗೆ ಕಾಯಿ ಒಡೆಯುತ್ತೇನೆಂದು ಹೇಳಿಕೊಂಡಿದ್ದಳು. ಗಂಟು ಮರಳಿದೆಯೋ ಇಲ್ಲವೋ ನೋಡುವ ಪರೀಕ್ಷೆ ಹತ್ತಿರ ಬಂದಂತೆ, ಅದಕ್ಕೆ ಮೊದಲೇ ಹರಕೆ ತೀರಬೇಕೆಂದು ಹಟ ಹಿಡಿದಳು. ಜನವಿಲ್ಲದ ದಿನ ನೋಡಿ ಹೋಗೋಣವೆಂದು ನಾನು. ಮೂರು ರಜೆ ಸಾಲಾಗಿ ಬಂದ ಭಾನುವಾರವೇ ಆಗಬೇಕೆಂದು ಅವಳು. ವರ್ಷವಿಡೀ ಬಂದವರೆಲ್ಲ ಮುಖ ಸಣ್ಣದು ಮಾಡಿಕೊಂಡು ಹೇಗಿದ್ದೀಯ ಎಂದು ಕೇಳಿ ಹೋಗಿದ್ದರಂತೆ. ಯಾರೂ ಏನೂ ಕೇಳದ ಜಾಗವೊಂದು ಅವಳಿಗೆ ಬೇಕಿತ್ತಂತೆ.

ಅಂಥ ಜಾಗ ಆ ದಿನ ಸಿಕ್ಕಿತು. ಬುಡದಲ್ಲಿ ಬೈಕು ನಿಲ್ಲಿಸಲು ನೆರಳಿರಲಿ, ನೆಲವೇ ಇರಲಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ಸೆಲ್ಫಿ, ಸೌತೆಕಾಯಿ ಮಾರುವವರು, ಕೋತಿಗೆ ಚಿಪ್ಸ್ ಕೊಟ್ಟು ಆಮೇಲೆ ಹೆದರುವವರು. ನನಗೆ ಗುಂಪೆಂದರೆ ಮೊದಲಿನಿಂದಲೂ ಆಗದು. ಶಾಂತಿಯನ್ನು ಹುಡುಕಿಕೊಂಡು ಇಷ್ಟು ಜನ ಒಟ್ಟಿಗೆ ಬಂದರೆ ಅದಾದರೂ ಎಲ್ಲಿಗೆ ಹೋಗಬೇಕು ಎಂದು ಗೊಣಗುತ್ತಲೇ ಹತ್ತಿದೆ; ಆ ಇಷ್ಟು ಜನರಲ್ಲಿ ನಾನೂ ಒಬ್ಬನೆಂಬುದು, ಅಲ್ಲಿದ್ದ ಎಲ್ಲರಂತೆ, ನನಗೂ ಹೊಳೆಯಲಿಲ್ಲ.

ಅಕ್ಕ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದಳು. ಒಬ್ಬರ ಹಿಂದೊಬ್ಬರು ಮಾತ್ರ ಹೋಗಬಹುದಾದ ಕಡಿದಾದ ಕಡೆಯಲ್ಲಿ ಅವಳು ನಿಂತರೆ ಹಿಂದಿನ ಸಾಲೆಲ್ಲ ನಿಲ್ಲುತ್ತಿತ್ತು. ಬೆನ್ನ ಹಿಂದಿದ್ದ ಕೆಂಪು ಅಂಗಿಯ ದಪ್ಪ ಮನುಷ್ಯ ತಾಳ್ಮೆಗೆಟ್ಟು, "ಆಗ್ದಿದ್ಮೇಲೆ ಕೆಳಗೇ ಕೈ ಮುಗ್ದು ಹೋಗ್ಬಾರ್ದೇನಮ್ಮ" ಎಂದ. ನಾನು ಜಗಳಕ್ಕೇ ತಿರುಗಿದೆ. ಅಕ್ಕ ತೋಳು ಹಿಡಿದಳು, ನೋಡಿದರೆ ನಗುತ್ತಿದ್ದಾಳೆ. "ಬುಡ್ಲಾ, ವರ್ಷದ ಮೇಲೆ ಒಬ್ರು ನನ್ನ ಬೈದವ್ರೆ" ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಕಾಯಿಲೆಯವರನ್ನು ನಾವು ಪ್ರೀತಿಯಿಂದಲೇ ಗುಂಪಿನಿಂದ ಹೊರಗಿಡುತ್ತೇವೆ. ಬೈಯುವುದಿಲ್ಲ, ರೇಗಿಸುವುದಿಲ್ಲ, ಪಕ್ಕಕ್ಕೆ ಸರಿ ಎನ್ನುವುದಿಲ್ಲ. ಎತ್ತಿ ಜೋಪಾನವಾಗಿ ಇಟ್ಟುಬಿಡುತ್ತೇವೆ. ಆ ಹನ್ನೊಂದು ತಿಂಗಳು ನಾನು ಅವಳ ಜೊತೆ ಒಂದು ಸಲವಾದರೂ ಜಗಳವಾಡಿದ್ದೆನೇ? ಚಿಕ್ಕಂದಿನಲ್ಲಿ ದಿನಕ್ಕೆ ಹತ್ತು ಆಡುತ್ತಿದ್ದವನು.

ಮೇಲೆ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಗುಡಿಯ ಮುಂದಿನ ಕಲ್ಲಿಗೆ ಅಕ್ಕ ತಾನೇ ಕಾಯಿ ಒಡೆದಳು. ಚಿಪ್ಪು ಚೂರಾಯಿತು, ಒಂದು ಹನಿ ನೀರಿಲ್ಲ; ಕೊಬ್ಬರಿಯ ಉಂಡೆಯೊಂದು ಇಡಿಯಾಗಿ ಹೊರಬಿದ್ದು, ಮೂರು ಮೆಟ್ಟಿಲು ಉರುಳಿ, ಜನರ ಕಾಲುಗಳ ನಡುವೆ ನುಸುಳಿತು. ಹಿಂದಿನ ದಿನ ನಮ್ಮ ಅಂಗಳದಲ್ಲಿ ಎರಡು ರಾಶಿಯಿದ್ದವು, ಒಂದು ಹಸಿ ಕಾಯಿಯದು, ಒಂದು ಕೊಬ್ಬರಿಯದು. ಮರುದಿನ ಸಿಗಲಿದ್ದ ಗುಂಪಿನ ಮೇಲಿನ ಸಿಟ್ಟನ್ನು ಮನಸ್ಸಿನಲ್ಲೇ ಮಸೆಯುತ್ತ, ಅಟ್ಟದಿಂದ ಇಳಿಸಿದ ರಾಶಿಗೇ ಕೈ ಹಾಕಿ, ಜುಟ್ಟು ಬಿಟ್ಟು ಸುಲಿದು ತಂದಿದ್ದೆ. ಶಕುನವನ್ನು ನಂಬದ ನಾನು ಆ ಗಳಿಗೆಯಲ್ಲಿ ನಂಬಿಬಿಟ್ಟೆ. ಅಕ್ಕನ ಮುಖ ನೋಡಲು ಧೈರ್ಯ ಬರಲಿಲ್ಲ.

ಉರುಳಿದ್ದನ್ನು ಹಿಡಿದವನು ಅದೇ ಕೆಂಪು ಅಂಗಿಯವನು. ಎರಡೂ ಕೈಯಲ್ಲಿ ತಂದುಕೊಟ್ಟ. ಅಕ್ಕ ಅದನ್ನು ತಿರುಗಿಸಿ ನೋಡಿದಳು, ಉಗುರಿನಿಂದ ಒತ್ತಿದಳು, ಮೂಸಿದಳು. ಕೊಬ್ಬರಿ ಮನೆತನದ ಮಗಳಲ್ಲವೇ.

"ಹನ್ನೊಂದು ತಿಂಗ್ಳು ಅಟ್ಟದ ಮೇಲೆ ಕುಂತಿತ್ತು ಕಣ್ಲಾ. ಕೆಟ್ಟಿಲ್ಲ ನೋಡು" ಎಂದಳು.

ಪೂಜೆಯಾದ ಮೇಲೆ ಚೂರು ಮಾಡಿ ಸಾಲಿನವರಿಗೆಲ್ಲ ಹಂಚಿದಳು. ಕೆಂಪು ಅಂಗಿಯವನು ತುರುವೇಕೆರೆ ಕಡೆಯವನಂತೆ. ರುಚಿ ನೋಡಿ ಇನ್ನೊಂದು ಚೂರು ಕೇಳಿ ಇಸಿದುಕೊಂಡ. ಇಳಿಯುವಾಗ ಯಾರೂ ಹೇಳದೆಯೇ ಮುಂದೆ ಹೋಗಿ ನಮಗೆ ದಾರಿ ಬಿಡಿಸುತ್ತ ಬಂದ. ಕಾಯಿಲೆಯ ಬಗ್ಗೆ ಅವನಿಗೆ ನಾವು ಏನನ್ನೂ ಹೇಳಿರಲಿಲ್ಲ.

ಪರೀಕ್ಷೆ ನಾಳಿದ್ದು. ನನಗೆ ಭಯವಿದೆ. ಅವಳಿಗೂ ಇದೆ, ನಿನ್ನೆ ಊಟದ ನಡುವೆ ಅವಳ ಕೈ ತಟ್ಟೆಯಲ್ಲೇ ನಿಂತದ್ದನ್ನು ನೋಡಿದೆ. ಆದರೂ ಮುಂದಿನ ವರ್ಷ ಬೆಟ್ಟಕ್ಕೆ ಒಯ್ಯುವ ಕಾಯಿಯನ್ನು ಈಗಲೇ ಅಟ್ಟಕ್ಕೆ ಹಾಕು, ಈ ಸಲ ಅಲ್ಲಾಡಿಸಿ ನೋಡಿ ಹಾಕು ಎಂದು ರೇಗಿಸಿದ್ದಾಳೆ. ನಾನೂ ಬಿಡದೆ ಜಗಳವಾಡಿದ್ದೇನೆ. ಈ ಬೆಳಿಗ್ಗೆ ಒಂದನ್ನು ಆರಿಸಿ ಕಿವಿಗೆ ಹಿಡಿದೆ. ಒಳಗೆ ತುಂಬ ನೀರಿತ್ತು. ಅದೆಲ್ಲ ಇಂಗಿ ಲೊಡಲೊಡ ಎನ್ನಲು ಇನ್ನೂ ಹನ್ನೊಂದು ತಿಂಗಳು ಬೇಕು. ಆ ಹನ್ನೊಂದು ತಿಂಗಳು ನಮಗೂ ಬೇಕು ಎಂದುಕೊಂಡು, ಅಟ್ಟದ ಮೇಲೆ ಇಟ್ಟು ಬಂದೆ.