ಹದಿನಾಲ್ಕು ಬೋಲ್ಟಿನ ಗೇರ್‌ಬಾಕ್ಸ್

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷದ ಫೆಬ್ರವರಿ. ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಕುಶಾಲನಗರದ ನಮ್ಮ ಗ್ಯಾರೇಜಿನಲ್ಲಿ ಅಂದು ನಾಲ್ಕು ಜನ ಇದ್ದೆವು: ನಾನು, ಲೇತ್ ಕೆಲಸದ ಹಂಸ, ಕಕ್ಕಬೆಯ ಕಾಫಿ ಬೆಳೆಗಾರ್ತಿ ಮುತ್ತಮ್ಮ ಮತ್ತು ಅವರ ಅಣ್ಣ ಪೊನ್ನಪ್ಪ. ಮೇಜಿನ ಮೇಲೆ ಬಿಚ್ಚಿ ಹರಡಿದ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅದರ ಪಕ್ಕ ಕೊಯಮತ್ತೂರಿನಿಂದ ತರಿಸಿದ ಹೊಸ ಸಾಮಾನಿನ ಪೆಟ್ಟಿಗೆ. ಆ ಪೆಟ್ಟಿಗೆಯ ಒಂದು ಪ್ಲೇಟೂ ಆ ಗೇರ್‌ಬಾಕ್ಸಿಗೆ ಕೂರುವಂತಿರಲಿಲ್ಲ. ತಪ್ಪು ನನ್ನದು.

ಆಗ ಗ್ಯಾರೇಜ್ ನಡೆಸಲು ಶುರು ಮಾಡಿ ಮೂವತ್ತು ವರ್ಷ ದಾಟಿತ್ತು. ಹಾಸನದ ಕಡೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಮನೆ ನಮ್ಮದು. ನಾನೊಬ್ಬ ಗದ್ದೆ ಬಿಟ್ಟು ಸ್ಪ್ಯಾನರ್ ಹಿಡಿದವನು. ಅಷ್ಟು ವರ್ಷದ ಮೇಲೆ ಇಂಥ ತಪ್ಪು ಹೇಗಾಯಿತೆಂದು ಹೇಳಬೇಕಾದರೆ ಮುತ್ತಮ್ಮನವರ ಜೀಪಿನಿಂದಲೇ ಶುರು ಮಾಡಬೇಕು.

ಹಳೆಯದೊಂದು ಅಪಘಾತದಲ್ಲಿ ಅವರ ಎಡ ಮೊಣಕಾಲು ಮಡಚದಂತಾಗಿತ್ತು. ಕ್ಲಚ್ ತುಳಿಯಲಾರರು. ಮಾವನವರು ಯಾವುದೋ ಕಾಲದಲ್ಲಿ ಕೊಂಡಿದ್ದ ಈ ವಿದೇಶಿ ಜೀಪಿಗೆ ಕ್ಲಚ್ ಪೆಡಲ್ಲೇ ಇಲ್ಲದ್ದರಿಂದ ಬೆಟ್ಟದ ಮೇಲಿನ ತೋಟಕ್ಕೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಸವೆದ ಪೆಟ್ರೋಲ್ ಎಂಜಿನ್ ತೆಗೆಸಿ, ಹೆಚ್ಚು ಶಕ್ತಿಯ ಟರ್ಬೊ ಡೀಸೆಲ್ ಕೂರಿಸಿದ ಮೇಲೆ ತೊಂದರೆ ಶುರುವಾಯಿತು. ಆಟೋಮ್ಯಾಟಿಕ್‌ನ ಹೊಟ್ಟೆಯೊಳಗೆ ಒಂದು ಡ್ರಮ್ ಇರುತ್ತದೆ. ಅದರಲ್ಲಿ ಉಕ್ಕಿನ ಪ್ಲೇಟು, ಕ್ಲಚ್ ಪ್ಲೇಟು ಒಂದರ ಮೇಲೊಂದು. ಆಯಿಲ್ಲಿನ ಒತ್ತಡ ಅವನ್ನು ಅದುಮಿ ಹಿಡಿದರೆ ಚಕ್ರ ತಿರುಗುತ್ತದೆ. ಎಂಜಿನ್ನಿನ ಬಲ ಈ ಹಿಡಿತವನ್ನು ಮೀರಿದರೆ ಪ್ಲೇಟು ಜಾರಿ ಸುಡುತ್ತದೆ. ಏರಿನ ಮೂರನೇ ತಿರುವಿನಲ್ಲಿ ಎಂಜಿನ್ ಕೂಗುತ್ತಿತ್ತು, ಜೀಪು ನಿಂತಲ್ಲೇ ನಿಲ್ಲುತ್ತಿತ್ತು. ಕೆಂಪಗಿರಬೇಕಾದ ಗೇರ್ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು.

ಪೊನ್ನಪ್ಪನವರು ತಂಗಿಗೆ ಒಂದು ಗಡುವು ಹಾಕಿದ್ದರು. "ಕಾಫಿ ಹೂವಿಗೆ ನೀರು ಕೊಡೋ ಹೊತ್ತಿಗೆ ಇದು ಬೆಟ್ಟ ಹತ್ತಿದ್ರೆ ಸರಿ. ಇಲ್ಲಾಂದ್ರೆ ಮೇಲಿನ ತೋಟ ನಾನು ನೋಡ್ಕೋತೀನಿ, ನೀನು ಮನೇಲಿರು." ಅಣ್ಣನ ಮಾತಿನಲ್ಲಿ ಕಾಳಜಿಯೇ ಇತ್ತು, ಆದರೆ ಮುತ್ತಮ್ಮನವರಿಗೆ ಆ ತೋಟವೇ ಉಸಿರು. ಇದ್ದದ್ದು ನಾಲ್ಕು ವಾರ.

ಜೀಪು ಕಕ್ಕಬೆಯಲ್ಲಿ, ನಾನು ಇಲ್ಲಿ. ದಿನ ಉಳಿಸೋಣವೆಂದು ಫೋನಿನಲ್ಲೇ ಕೇಳಿದೆ: ಗೇರ್‌ಬಾಕ್ಸಿನ ಅಡಿಯ ಆಯಿಲ್ ಪ್ಯಾನಿಗೆ ಎಷ್ಟು ಬೋಲ್ಟು? ಹಳೆಯ ಆಟೋಮ್ಯಾಟಿಕ್‌ಗಳ ಗುರುತು ಹಿಡಿಯುವುದು ಪ್ಯಾನಿನ ಆಕಾರ ಮತ್ತು ಬೋಲ್ಟಿನ ಲೆಕ್ಕದಿಂದ. ಪೊನ್ನಪ್ಪನವರು ಜೀಪಿನಡಿ ಮಲಗಿ ಎಣಿಸಿ ಹದಿನಾಲ್ಕು ಎಂದರು. ನನಗೆ ಗೊತ್ತಿದ್ದ ದೊಡ್ಡ ಗೇರ್‌ಬಾಕ್ಸಿಗೂ ಹದಿನಾಲ್ಕೇ. ಆಕಾರ ಕೇಳದೆ ಆರ್ಡರ್ ಕೊಟ್ಟುಬಿಟ್ಟೆ. ಅದೇ ಮನೆತನದ ಚಿಕ್ಕ ಗೇರ್‌ಬಾಕ್ಸಿಗೂ ಬೋಲ್ಟು ಹದಿನಾಲ್ಕೇ ಎಂಬುದು ಆ ಗಳಿಗೆಗೆ ಹೊಳೆಯಲಿಲ್ಲ. ಪೆಟ್ಟಿಗೆ ಬರುವಷ್ಟರಲ್ಲಿ ಜೀಪನ್ನು ಗ್ಯಾರೇಜಿಗೆ ಎಳೆಸಿ ತಂದು ಗೇರ್‌ಬಾಕ್ಸ್ ಬಿಚ್ಚಿಟ್ಟಿದ್ದೆವು.

"ಸ್ವಾಮಣ್ಣ, ಇದು ದೊಡ್ಡಣ್ಣನ ಚಪ್ಪಲಿ. ಚಿಕ್ಕವನ ಕಾಲಿಗೆ ಹೇಗೆ ಹಾಕೋದು?" ಎಂದ ಹಂಸ, ಪ್ಲೇಟನ್ನು ಬೆರಳಲ್ಲಿ ತಿರುಗಿಸುತ್ತಾ.

"ನಾನು ಎಣಿಸಿದ್ದು ಸರಿಯಾಗೇ ಇತ್ತಲ್ಲ?" ಪೊನ್ನಪ್ಪನವರು ಮೊದಲು ತಮ್ಮನ್ನು ಬಚಾವು ಮಾಡಿಕೊಂಡರು.

"ನಿಮ್ಮದು ಸರಿ ಸಾರ್. ಕೇಳಿದ್ದೇ ಅರ್ಧ ನಾನು" ಎಂದೆ. ಮುತ್ತಮ್ಮನವರ ಕಡೆ ತಿರುಗಿ, "ಅಕ್ಕಾ, ಒಂದು ವಾರ ಹಾಳು ಮಾಡಿದೆ" ಎಂದೆ.

ಅವರು ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. "ಇನ್ನು ಮೂರು ವಾರ ಉಂಟಲ್ಲ ಸ್ವಾಮಣ್ಣ. ಈಗ ಎದುರಿಗೇ ಉಂಟು, ಸರಿಯಾಗಿ ನೋಡಿ."

ಸರಿಯಾಗಿ ನೋಡಿದೆವು. ಪ್ಯಾನು ತೊಳೆದು, ಅಂಚಿನ ಮೇಲೆ, ಆಯಿಲ್ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಕಾಗದ ಹಾಸಿ ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿದೆ. ಅಂಚು, ತೂತು ಎಲ್ಲ ಕಾಗದದಲ್ಲಿ ಮೂಡಿತು. ಹಂಸ ಫೋಟೋ ಕಳಿಸೋಣ ಎಂದ. ಫೋಟೋದಲ್ಲಿ ಅಳತೆ ಬರುವುದಿಲ್ಲವೆಂದು ಆ ಕಾಗದವನ್ನೇ ಬಸ್ಸಿನ ಪಾರ್ಸೆಲ್ಲಿಗೆ ಹಾಕಿದೆ. ಕೊಯಮತ್ತೂರಿನ ಅಂಗಡಿಯವರು ಅದನ್ನು ತಮ್ಮಲ್ಲಿದ್ದ ಗ್ಯಾಸ್ಕೆಟ್ಟಿನ ಮೇಲಿಟ್ಟು ನೋಡಿ ಚಿಕ್ಕದರ ಸಾಮಾನು ಕಳಿಸಿದರು.

ಆದರೆ ಚಿಕ್ಕದನ್ನು ಹಾಗೇ ಜೋಡಿಸಿದರೆ ಹೊಸ ಎಂಜಿನ್ನಿಗೆ ಮತ್ತೆ ಸೋಲುತ್ತಿತ್ತು. ಡ್ರಮ್ಮಿನಲ್ಲಿ ನಾಲ್ಕು ಕ್ಲಚ್ ಪ್ಲೇಟು ಇದ್ದವು. ಹಿಡಿತ ಹೆಚ್ಚಿಸಲು ಐದಕ್ಕೆ ಜಾಗ ಬೇಕಿತ್ತು. ಮೇಲಿನ ದಪ್ಪ ಪ್ಲೇಟನ್ನು ಹಂಸ ಲೇತಿಗೆ ಕಟ್ಟಿ, ಎಷ್ಟು ಬೇಕೋ ಅಷ್ಟೇ ತೆಳುವಾಗಿಸಿದ. ಎರಡು ಮಿಲಿಮೀಟರ್ ಸಂದು ಉಳಿಯುವವರೆಗೆ ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದೆವು. ಆಯಿಲ್ ಒತ್ತಡದ ಸ್ಪ್ರಿಂಗನ್ನು ಒಂದಿಷ್ಟು ಗಟ್ಟಿಯದಕ್ಕೆ ಬದಲಿಸಿ, ರೇಡಿಯೇಟರ್ ಮುಂದೆ ದೊಡ್ಡ ಆಯಿಲ್ ಕೂಲರ್ ಕೂರಿಸಿದೆವು. ಊಟದ ಹೊತ್ತಿಗೆ ನೆಲ್ಯಹುದಿಕೇರಿಯ ತನ್ನ ಮನೆಯಿಂದ ತಂದ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿಯನ್ನು ಹಂಸ ನನಗೂ ಕೊಡುತ್ತಿದ್ದ. ಜೊತೆಗೆ "ಎಣಿಸಿ ನೋಡಿ, ಹದಿನಾಲ್ಕು ಉಂಟಾ" ಎಂದು ಚುಚ್ಚುತ್ತಿದ್ದ.

ಗಡುವಿಗೆ ಎರಡು ದಿನ ಇರುವಾಗ ಕಕ್ಕಬೆಯ ಏರಿಗೆ ಹೋದೆವು. ಸ್ಟೀರಿಂಗಿನಲ್ಲಿ ಮುತ್ತಮ್ಮ, ಪಕ್ಕದಲ್ಲಿ ನಾನು, ಹಿಂದೆ ನೀರಿನ ಪೈಪು, ಸ್ಪ್ರಿಂಕ್ಲರುಗಳ ನಡುವೆ ಪೊನ್ನಪ್ಪ. ಮೂರನೇ ತಿರುವು ಬಂತು. ಗೇರು ಒಮ್ಮೆ ಗಟ್ಟಿಯಾಗಿ ಕಚ್ಚಿತು. ಎಂಜಿನ್ ಕೂಗಲಿಲ್ಲ. ಜೀಪು ಹತ್ತಿತು. ತೋಟದ ಗೇಟಿನಲ್ಲಿ ಇಳಿದ ಮೇಲೆ ಪೊನ್ನಪ್ಪನವರು, "ಪೈಪು ಎಲ್ಲಿ ಇಳಿಸ್ಬೇಕು ಮುತ್ತು?" ಎಂದು ತಂಗಿಯನ್ನು ಕೇಳಿದರು.

ಅಂದಿನಿಂದ ನನ್ನ ಕೆಲಸದಲ್ಲಿ ಒಂದು ಪದ್ಧತಿ ಬಂತು: ಲೆಕ್ಕ ಸರಿಬಂದರೂ ಕಾಗದ ಹಾಸಿ ತಟ್ಟಿ ನೋಡದೆ ಸಾಮಾನು ತರಿಸುವುದಿಲ್ಲ. ಅನುಭವ ಹೆಚ್ಚಾದಷ್ಟೂ ಅರ್ಧ ಪ್ರಶ್ನೆ ಕೇಳಿ ಪೂರ್ತಿ ಉತ್ತರ ಹೇಳುವ ಚಪಲ ಬರುತ್ತದೆ.

ಈ ವರ್ಷ ಪೊನ್ನಪ್ಪನವರಿಗೆ ಮಡಿಕೇರಿಯಲ್ಲಿ ಕಣ್ಣಿನ ಪೊರೆ ತೆಗೆದರು. ಕೆಲವು ದಿನ ಗಾಡಿ ಓಡಿಸುವಂತಿರಲಿಲ್ಲ. ಆಯಿಲ್ ಬದಲಿಸಲು ಮುತ್ತಮ್ಮನವರು ಜೀಪು ತಂದಾಗ ಪಕ್ಕದ ಸೀಟಿನಲ್ಲಿ ಪೊನ್ನಪ್ಪನವರು ಕಪ್ಪು ಕನ್ನಡಕ ಹಾಕಿ ಕೂತಿದ್ದರು.

"ಸ್ವಾಮಣ್ಣ, ಇದರ ಪವರ್ ಸ್ವಲ್ಪ ಕಮ್ಮಿ ಮಾಡೋಕಾಗುತ್ತಾ? ಇವಳು ತಿರುವಲ್ಲೂ ನಿಧಾನ ಮಾಡೋಲ್ಲ."

"ಕಣ್ಣು ಮುಚ್ಕೊಂಡು ಕೂತ್ಕೋ ಅಣ್ಣ" ಎಂದರು ಮುತ್ತಮ್ಮ.

ನಾನು ಪ್ಯಾನು ಬಿಚ್ಚಿ ಹಳೆಯ ಆಯಿಲ್ಲನ್ನು ಬೋಗುಣಿಗೆ ಇಳಿಸಿದೆ. ಅದು ಇನ್ನೂ ಕೆಂಪಗೇ ಇತ್ತು.