ಅರ್ಧ ನಿಮಿಷದ ಗುಲಾಬಿ

ನನಗೆ ತಿಳಿಗುಲಾಬಿ ಬಣ್ಣವನ್ನು ಕಂಡರೆ ಆಗುವುದಿಲ್ಲ. ಹಳದಿ, ನೀಲಿ, ಹಸಿರು ಯಾವುದರ ಮೇಲೂ ನನ್ನ ತಕರಾರಿಲ್ಲ. ನಸುಕಿನಲ್ಲೇ ಎದ್ದು, ಹಾಸಿಗೆ ಮಡಚಿ, ಚಹಾ ಕುಡಿದ ಲೋಟವನ್ನು ಆಗಲೇ ತೊಳೆದು ಬೋರಲು ಹಾಕುವ ಮುದುಕನಿಗೆ ಒಂದು ಬಣ್ಣದ ಮೇಲೆ ಸಿಟ್ಟೇಕೆ ಎಂದು ನೀವು ಕೇಳಬಹುದು. ಅದು ಸಿಟ್ಟಲ್ಲ. ಆ ಬಣ್ಣ ಸುನಂದಾ ಮೇಡಮ್ಮರದು, ಮತ್ತು ಇದು ಹೊಟ್ಟೆಕಿಚ್ಚು.

ನಾವಿಬ್ಬರೂ ಗದಗಿನ ಒಂದೇ ಕಾಲೇಜಿನಲ್ಲಿ, ಒಂದೇ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಹೊಸ ಹುಡುಗರಿಗೆ ಮೊದಲ ಪಾಠವೇ ಟೈಟ್ರೇಷನ್. ಮೇಲೆ ಬ್ಯುರೆಟ್ ಎಂಬ, ತುದಿಗೆ ಪುಟ್ಟ ನಲ್ಲಿಯಿರುವ ಉದ್ದನೆಯ ಗಾಜಿನ ಕೊಳವೆಯಲ್ಲಿ ಕಾಸ್ಟಿಕ್ ಸೋಡಾದ ನೀರು. ಕೆಳಗೆ ಫ್ಲಾಸ್ಕಿನಲ್ಲಿ ಆಮ್ಲ, ಅದರೊಳಗೆ ಬಣ್ಣ ತೋರಿಸುವ ದ್ರವದ ಒಂದೆರಡು ಹನಿ. ಸೋಡಾ ನೀರನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಯಾವುದೋ ಒಂದು ಹನಿಗೆ ಫ್ಲಾಸ್ಕು ತಿಳಿಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು; ಇಳಿದ ಸೋಡಾ ನೀರಿನ ಅಳತೆಯಿಂದ ಅದರ ಕಸುವಿನ ಲೆಕ್ಕ ಸಿಗುತ್ತದೆ. ಬಣ್ಣ ಅರ್ಧ ನಿಮಿಷ ನಿಂತರೆ ಗೆದ್ದಿರಿ. ಆಸೆಪಟ್ಟು ಇನ್ನೊಂದು ಹನಿ ಬಿಟ್ಟರೆ ಕಡುಗುಲಾಬಿ. ಮತ್ತೆ ಮೊದಲಿನಿಂದ ಶುರು.

ನನ್ನ ಪದ್ಧತಿ ಸರಳ. ಬ್ಯುರೆಟ್ಟನ್ನು ನೀರಿನಿಂದ ತೊಳೆ, ತುಂಬಬೇಕಾದ ದ್ರಾವಣದಿಂದಲೇ ಇನ್ನೊಮ್ಮೆ ತೊಳೆ, ಬಣ್ಣ ಎದ್ದು ಕಾಣಲು ಫ್ಲಾಸ್ಕಿನ ಕೆಳಗೆ ಬಿಳಿ ಹಾಳೆ ಇಡು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಾ, ಬಾಯಿ ಮುಚ್ಚು. ಸುನಂದಾ ಮೇಡಮ್ಮರಿಗೆ ಈ ಕೊನೆಯದು ಎಂದೂ ಒಗ್ಗಲಿಲ್ಲ. ಲಕ್ಷ್ಮೇಶ್ವರ, ಮುಂಡರಗಿಗಳಿಂದ ಬರುವ ಹುಡುಗಿಯರಿಗೆ ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ, ಶಿರಹಟ್ಟಿಯಲ್ಲಿ ಯಾರ ಮದುವೆ ಗೊತ್ತಾಯಿತು, ಎಲ್ಲವನ್ನೂ ವಿಚಾರಿಸುತ್ತಲೇ ಅವರು ನಲ್ಲಿ ತಿರುಗಿಸುತ್ತಿದ್ದರು. ಅವರದು ಬೆಟಗೇರಿಯ ನೇಕಾರ ಮನೆತನ. ಅವರ ಅಪ್ಪ ಹೊಸದಾಗಿ ಬಣ್ಣ ಕಟ್ಟಿದ ನೂಲನ್ನು ಹಳೆಯ ಎಳೆಯೊಂದರ ಪಕ್ಕ ಹಿಡಿದು ನೋಡಿ, ಹೊಂದಿದರೆ ಮಾತ್ರ ಮಗ್ಗಕ್ಕೆ ಏರಿಸುತ್ತಿದ್ದರಂತೆ. ಮಗಳು ಅದೇ ರೂಢಿಯನ್ನು ಪ್ರಯೋಗಾಲಯಕ್ಕೆ ತಂದು, ಬ್ಯುರೆಟ್ಟಿನ ಸ್ಟ್ಯಾಂಡಿಗೆ ಒಂದು ತಿಳಿಗುಲಾಬಿ ನೂಲು ಕಟ್ಟಿದ್ದರು.

"ಈ ಎಳಿ ಬಾಜೂಕ ಫ್ಲಾಸ್ಕ್ ಹಿಡೀರಿ. ಇದಕ್ಕಿಂತ ಒಂದೀಟು ಕೆಂಪಾತು ಅಂದ್ರ ಸಾವಕಾರ ಸೀರಿ ವಾಪಸ್ ಒಗೀತಾನ ನೋಡ್ರಿ," ಎನ್ನುತ್ತಿದ್ದರು. ಹುಡುಗಿಯರು ನಗುತ್ತಿದ್ದರು. ನಗುತ್ತಲೇ ಅವರ ಲೆಕ್ಕ ಸರಿಯಾಗಿ ಬರುತ್ತಿತ್ತು. ನನ್ನ ಬ್ಯಾಚಿನ ಲೆಕ್ಕವೂ ಸರಿಯಾಗಿಯೇ ಬರುತ್ತಿತ್ತು. ಯಾರೂ ನಗುತ್ತಿರಲಿಲ್ಲ, ಅಷ್ಟೇ.

ಇಬ್ಬರೂ ನಿವೃತ್ತರಾದೆವು. ಹೊಟ್ಟೆಕಿಚ್ಚಿಗೂ ನಿವೃತ್ತಿಯಾಯಿತೆಂದು ನಾನು ತಿಳಿದಿದ್ದೆ. ಅಷ್ಟರಲ್ಲಿ ಮೊಮ್ಮಗಳು ಪಲ್ಲವಿ ಬಿ.ಎಸ್ಸಿ. ಸೇರಿದಳು. ಅವಳ ಫ್ಲಾಸ್ಕು ಪ್ರತಿ ಸಲವೂ ಕಡುಗುಲಾಬಿ. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಕೇಳಿಯೇ ಕೇಳುತ್ತಾಳೆಂದು ನಾನು ಬ್ಯುರೆಟ್ ತೊಳೆದು ಕಾಯುತ್ತ ಕುಳಿತೆ. ಅವಳು ಸಂಜೆ ಸ್ಕೂಟಿ ಹೊರಗೆ ತೆಗೆದಳು.

"ಎಲ್ಲಿಗವಾ?"

"ಬೆಟಗೇರಿಗೆ ಅಜ್ಜಾ. ಸುನಂದಾ ಮೇಡಮ್ ಟೈಟ್ರೇಷನ್ ಹೇಳಿಕೊಡ್ತಾರ."

"ಮನ್ಯಾಗ ಒಬ್ಬಾಂವ ಮಾಸ್ತರ ಅದಾನಲ್ಲ, ಅವ ಏನು ಗ್ವಾಡಿಗೆ ಹಾಕಿದ ಫೋಟೋ ಏನು?"

"ನಿನಗ ಎಲ್ಲಾ ಬರ್ತೈತಿ, ಖರೆ. ಆದ್ರ ನೀ ಬಾಜೂಕ ನಿಂತ್ರ ನನ್ನ ಕೈಯಾಗಿನ ನಲ್ಲಿ ಜಲ್ದಿ ತಿರುಗಿಬಿಡ್ತೈತಿ."

ಸ್ಕೂಟಿ ಹೋಯಿತು. ಇಂಥ ಹೊತ್ತಿನಲ್ಲಿ ಬೇರೆಯವರು ದೇವರನ್ನು ನೆನೆಯುತ್ತಾರೆ. ನಾನು ಕಾಸ್ಟಿಕ್ ಸೋಡಾವನ್ನು ನೆನೆದೆ. ಅದೊಂದು ನೆಚ್ಚಿಕೆಯಿಲ್ಲದ ವಸ್ತು. ಮುಚ್ಚಳ ತೆಗೆದರೆ ಸಾಕು, ಗಾಳಿಯೊಳಗಿನ ಪಸೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಎಷ್ಟು ತೂಗಿದಿರೋ ಅಷ್ಟು ಅದರಲ್ಲಿ ಇರುವುದಿಲ್ಲ. ಹಾಗಾಗಿ ಅದರ ಕಸುವು ಎಷ್ಟೆಂಬುದನ್ನು ಅದರಿಂದಲೇ ತಿಳಿಯಲಾಗದು. ಆಕ್ಸಾಲಿಕ್ ಆಮ್ಲದ ಎದುರು ಹಚ್ಚಿ ನೋಡಬೇಕು. ಆಕ್ಸಾಲಿಕ್ ಹಾಗಲ್ಲ. ಹರಳು ಇಟ್ಟಲ್ಲೇ ಇದ್ದಂತೆಯೇ ಇರುತ್ತದೆ, ತೂಗಿದಷ್ಟೇ ಇರುತ್ತದೆ. ನಾನು ಜೀವಮಾನವಿಡೀ ನನ್ನನ್ನು ಆಕ್ಸಾಲಿಕ್ ಎಂದೇ ತಿಳಿದಿದ್ದೆ. ಈಗ ನೋಡಿದರೆ ಬೆಟಗೇರಿಯ ಗಾಳಿಯನ್ನೆಲ್ಲ ಗದಗಿನಲ್ಲಿ ಕುಳಿತು ಎಳೆದುಕೊಳ್ಳುತ್ತಿದ್ದೆ.

"ಅಲ್ಲೆ ತಿನ್ನಾಕ ಏನರ ಕೊಡ್ತಾರೇನು?" ಎಂದು ಒಂದು ದಿನ ಕೇಳಿದೆ.

"ಚುರಮರಿ, ಮಿರ್ಚಿ."

"ಆ್ಯಸಿಡ್ ಇಟಗೊಂಡು ಮಿರ್ಚಿ ತಿಂತೀರೇನು?" ಸಿಕ್ಕಿಬಿದ್ದರು ಎಂದುಕೊಂಡೆ.

"ಎಲ್ಲಾ ಮುಗಿಸಿ, ಕೈ ತೊಳಕೊಂಡು, ಹೊರಗ ಕಟ್ಟಿ ಮ್ಯಾಲ ಅಜ್ಜಾ."

ಆ ಸುಖವೂ ದಕ್ಕಲಿಲ್ಲ.

ಮರುದಿನ ಪಲ್ಲವಿ ಖಾಲಿ ಬಾಟಲಿಯೊಂದನ್ನು ತಂದು ನನ್ನ ಮುಂದಿಟ್ಟಳು. "ಮೇಡಮ್ಮರ ಆಕ್ಸಾಲಿಕ್ ತೀರೈತಿ. ನಿಮ್ಮಜ್ಜನ ಕಡಿಂದನ ಮಾಡಿಸ್ಕೊಂಡು ಬಾ ಅಂದಾರ. ಕಾಲೇಜಿನ್ಯಾಗೂ ನಿಮ್ಮಜ್ಜ ಮಾಡಿಟ್ಟಿದ್ದಕ್ಕನ ನಾ ಬಣ್ಣ ಹಿಡೀತಿದ್ದೆ, ಬ್ಯಾರೆದವರದು ನನಗ ನಂಬಿಗಿಲ್ಲ ಅಂದ್ರು."

ಹೌದಲ್ಲ! ಇಡೀ ವಿಭಾಗಕ್ಕೆ ಆ ದ್ರಾವಣವನ್ನು ಬೆಳಗ್ಗೆ ಬೇಗ ಬಂದು ಮಾಡಿಡುತ್ತಿದ್ದವನು ನಾನು. ಅವರ ಗುಲಾಬಿ ಅಷ್ಟು ವರ್ಷ ಅರಳಿದ್ದು ನನ್ನ ಬಾಟಲಿಯಲ್ಲಿ. ಎದೆ ಉಬ್ಬಿತು. ಉಬ್ಬಿದ ಎದೆಯೊಳಗೆ ಒಂದು ಕೆಟ್ಟ ವಿಚಾರವೂ ಬಂತು: ಒಂದು ಚಿಟಿಕೆ ಕಡಿಮೆ ಹಾಕಿದರೆ? ಬೆಟಗೇರಿಯ ಲೆಕ್ಕವೆಲ್ಲ ತಪ್ಪುತ್ತದೆ, ಪಲ್ಲವಿ ಮನೆಗೆ ಬರುತ್ತಾಳೆ.

ಬ್ಯಾಟರಿ ಅಂಗಡಿಯಿಂದ ಭಟ್ಟಿ ಇಳಿಸಿದ ನೀರು ತಂದೆ. ಮಗ ತರಿಸಿಕೊಟ್ಟ ಪುಟ್ಟ ತಕ್ಕಡಿಯ ಮೇಲೆ ಹರಳು ಸುರಿದೆ. ಅಂಕಿ ಓಡುತ್ತ ಬಂದು ತುಸು ಮೊದಲೇ ನಿಂತಿತು. ಅಲ್ಲಿಗೇ ಬಿಡಬಹುದಿತ್ತು. ಕೈ ಬಿಡಲಿಲ್ಲ, ಚಮಚವನ್ನು ಬೆರಳಿನಿಂದ ತಟ್ಟಿ, ಒಂದೊಂದೇ ಹರಳು ಉದುರಿಸಿ, ಬರಬೇಕಾದಲ್ಲಿಗೆ ತಂದು ನಿಲ್ಲಿಸಿತು. ನನ್ನ ಹೊಟ್ಟೆಕಿಚ್ಚು ದೊಡ್ಡದೇ. ಆದರೆ ಮೂರನೆಯ ದಶಮಾಂಶವನ್ನು ಅಲುಗಿಸುವಷ್ಟು ದೊಡ್ಡದಲ್ಲ.

ಬಾಟಲಿಯನ್ನು ನಾನೇ ಒಯ್ದೆ. ಸ್ಕೂಟಿಯ ಹಿಂದೆ ಕುಳಿತು, ತೊಡೆಯ ಮೇಲೆ ಅದನ್ನು ನೆಟ್ಟಗೆ ಹಿಡಿದು. ಮೇಡಮ್ಮರ ಮನೆಯಲ್ಲಿ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಮೇಜು ಹಾಕಿದ್ದರು. ಸ್ಟ್ಯಾಂಡಿಗೆ ಅದೇ ಎಳೆ.

"ಬರ್ರಿ ಸರ್, ಕುಂಡ್ರಿ. ಬಾಟ್ಲಿ ನೋಡಿದ ಕೂಡಲೇ ಗೊತ್ತಾತು ನೋಡ್ರಿ, ಚೀಟಿ ಒಂದೀಟೂ ಸೊಟ್ಟ ಇಲ್ಲ. ಈ ಚೀಟಿ ನೋಡಿ ನೋಡಿ ನನಗ ಎಷ್ಟು ಹೊಟ್ಟಿ ಉರೀತಿತ್ತು ಅಂತೀರಿ!"

"ಚೀಟಿಗೆ ಗೋಂದು ತೆಳ್ಳಗ ಹಚ್ಚಬೇಕ್ರಿ," ಎಂದು ದೂರದ ಮೂಲೆಯಲ್ಲಿ ಕುಳಿತೆ. ಪಲ್ಲವಿಯ ಬಾಜೂಕ ನಿಲ್ಲಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಈ ಎರಡನ್ನೂ ಒಟ್ಟಿಗೆ ಮಾಡಿದ್ದು ಅದೇ ಮೊದಲು. ಅವಳು ನಲ್ಲಿ ತಿರುಗಿಸಿದಳು. ಹನಿ. ಇನ್ನೊಂದು. ಮೇಡಮ್ ಯಾರದೋ ಮದುವೆಯ ಸುದ್ದಿ ಹೇಳುತ್ತಲೇ ಇದ್ದರು. ಒಂದು ಹನಿಗೆ ಫ್ಲಾಸ್ಕು ನಾಚಿದ ಕೆನ್ನೆಯ ಬಣ್ಣಕ್ಕೆ ತಿರುಗಿತು. ಎಳೆಗೆ ಹಿಡಿದರೆ ಎಳೆಯದೇ ಬಣ್ಣ.

ನಾನು ಗೋಡೆಯ ಗಡಿಯಾರ ನೋಡಿದೆ. ಮಾಸಲಿ ಎಂದು ನೋಡುತ್ತಿದ್ದೆನೋ, ನಿಲ್ಲಲಿ ಎಂದೋ, ನನಗೇ ಗೊತ್ತಾಗಲಿಲ್ಲ. ಅರ್ಧ ನಿಮಿಷ ಕಳೆಯಿತು. ಬಣ್ಣ ನಿಂತಿತು. ಪಲ್ಲವಿ ಫ್ಲಾಸ್ಕನ್ನು ಮೊದಲು ಮೇಡಮ್ಮರಿಗೆ ತೋರಿಸಿದಳು, ಆಮೇಲೆ ನನಗೆ.

ಕಡುಗುಲಾಬಿಯಾದ ಫ್ಲಾಸ್ಕನ್ನು ಬಾಯಿ ತೆರೆದಿಟ್ಟರೆ ಗಾಳಿಯಾಡುತ್ತ ಅದೂ ಮೆಲ್ಲಗೆ ತಿಳಿಯಾಗುತ್ತದೆ. ಇದನ್ನು ವರ್ಷಗಟ್ಟಲೆ ಪಾಠ ಹೇಳಿದವನು ನಾನೇ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಇದೆ. ಕೆಳಗೆ ಬಿಳಿ ಹಾಳೆ ಇಟ್ಟು, ಪಕ್ಕದಲ್ಲಿ ಎಳೆ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು.